ಎಲ್ಲಾರ್ಗೂವಾ, ನಮ್ಗ್ ಮಾತ್ರವಾ?

ಅವ್ವ ಬ್ರಿಸ್ಬೇನಿಗೆ ಬಂದ ಮೊದಲ ವಾರವೇ ಅವಳನ್ನು ಕೆರೆ ಸುತ್ತಲು ಕರೆದುಕೊಂಡು ಹೋದೆ. ನಮ್ಮ ಫಾರೆಸ್ಟ್ ಲೇಕಿನಲ್ಲಿ ತೋರಿಸಲು ಬೇರೆ ಏನಿದೆ? ಬಡಾವಣೆ ಕಟ್ಟಿದವರೇ ತೋಡಿಸಿದ ಕೆರೆ, ಅದರ ಸುತ್ತ ಕಾಲುದಾರಿ, ಸಂಜೆಯಾದರೆ ಆ ದಾರಿಯ ತುಂಬ ನಮ್ಮ ಜನವೇ. ಬೆಂಗಳೂರು, ಮೈಸೂರಿನಿಂದ ಬಂದ ಸಾಫ್ಟ್‌ವೇರಿನವರು, ಎಂಜಿನಿಯರುಗಳು ಷೂ ಕಟ್ಟಿಕೊಂಡು, ಹುಲ್ಲು ಕತ್ತರಿಸುವ ಮಿಷನ್ನಿನಿಂದ ಮಕ್ಕಳ ಟ್ಯೂಷನ್ನಿನವರೆಗೆ ಎಲ್ಲವನ್ನೂ ಮಾತಾಡುತ್ತ ಸುತ್ತು ಹಾಕುತ್ತಾರೆ. ಒಂದು ಸುತ್ತು ಮುಗಿಯುವುದರೊಳಗೆ ಯಾರ ಮನೆಯಲ್ಲಿ ಯಾವ ಪೂಜೆ, ಯಾರ ಅತ್ತೆ ಊರಿಂದ ಬಂದರು ಎಲ್ಲ ಗೊತ್ತಾಗುತ್ತದೆ.

ಆ ಸಂಜೆ ನನ್ನ ಗೆಳತಿಯೂ ಜೊತೆಗಿದ್ದಳು. ಮೈಸೂರಿನವಳು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವಳ ಮನೆ. ಅವಳ ಮಗಳೂ ನನ್ನ ಮಗಳೂ ಒಂದೇ ಕ್ಲಾಸು, ಒಂದೇ ಬೆಂಚು, ಜಗಳ ಆಡುವುದೂ ಒಂದೇ ಪೆನ್ಸಿಲ್ಲಿಗೆ. ಅವ್ವ ನನ್ನ ಮಗಳ ಕೈ ಹಿಡಿದುಕೊಂಡು ಮುಂದೆ ನಡೆಯುತ್ತಿದ್ದಳು. ನೀರಿನ ಅಂಚಿಗೆ ಇಳಿಯುವ ಜಾಗದಲ್ಲಿ ಕೌನ್ಸಿಲ್ಲಿನವರು ಒಂದು ಬೋರ್ಡು ನೆಟ್ಟಿದ್ದರು. ಬೇಸಿಗೆಯಲ್ಲಿ ಪಾಚಿ ಹೆಚ್ಚಾಗಿ ನೀರು ವಿಷವಾಗುತ್ತದೆ, ಮುಟ್ಟಬೇಡಿ ಅಂತ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಅವಳು ಕಂಡದ್ದು ಚಿತ್ರ ಮಾತ್ರ: ಒಂದು ಕೈ, ಅದರ ಕೆಳಗೆ ನೀರು, ಎರಡರ ಮೇಲೂ ಅಡ್ಡಕ್ಕೆ ಎಳೆದ ಕೆಂಪು ಗೆರೆ.

ನಿಂತುಬಿಟ್ಟಳು. ಮೊಮ್ಮಗಳನ್ನು ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಬೆಲೆ ವಿಚಾರಿಸುವಷ್ಟು ಸಹಜವಾಗಿ ಕೇಳಿದಳು.

"ಇದು ಎಲ್ಲಾರ್ಗೂವಾ, ಇಲ್ಲ ನಮ್ಗ್ ಮಾತ್ರವಾ?"

ಗೆಳತಿ ಎರಡು ಹೆಜ್ಜೆ ಹಿಂದೆ ಫೋನು ನೋಡುತ್ತ ಬರುತ್ತಿದ್ದವಳು ತಲೆ ಎತ್ತಿ, ಆಂಟಿ ಏನಂದ್ರು ಅಂದಳು. ಬಿಸಿಲು ಜಾಸ್ತಿ ಅಂತಿದ್ದಾರೆ ಅಂದೆ. ಸೂರ್ಯ ಮುಳುಗಿ ಹೋಗಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಗೆಳತಿ ನಕ್ಕು, ಕ್ವೀನ್ಸ್‌ಲ್ಯಾಂಡ್ ಅಂದ್ರೆ ಹಾಗೇ ಆಂಟಿ, ಅಭ್ಯಾಸ ಆಗುತ್ತೆ ಅಂದಳು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಎಲ್ಲರಿಗೂ ಅಂತ ಅವಳಿಗೆ ಹೇಳುವಷ್ಟು ಉಸಿರು ಕೂಡ ನನಗೆ ಆಗ ಇರಲಿಲ್ಲ.

ನಾವು ದಲಿತರು. ಮಂಡ್ಯ ಕಡೆಯ ಒಂದು ಹಳ್ಳಿಯ ಕೇರಿಯವರು. ಅಪ್ಪ ಮೇಷ್ಟ್ರಾಗಿದ್ದರಿಂದ ನಾನು ಬೆಳೆದದ್ದು ಪಟ್ಟಣದಲ್ಲಿ, ಅವ್ವ ಬೆಳೆದದ್ದು ಕೇರಿಯಲ್ಲಿ. ಮನೆಯೊಳಗೆ ನಾನು ಅವಳನ್ನು ಕರೆಯುವುದು ಅವ್ವ ಅಂತ, ಕೆರೆಯ ಮೇಲೆ ಅಮ್ಮ ಅಂತ. ಅವ್ವ ಅಂದಮಾತ್ರಕ್ಕೆ ಜಾತಿ ತಿಳಿಯುವುದಿಲ್ಲ, ಹಳ್ಳಿ ತಿಳಿಯುತ್ತದೆ ಅಷ್ಟೇ. ಹಳ್ಳಿ ತಿಳಿದರೆ ಮುಂದಿನ ಪ್ರಶ್ನೆ ಯಾವ ಬೀದಿ ಅನ್ನುವುದು. ಆ ಪ್ರಶ್ನೆ ಬಂದಾಗೆಲ್ಲ ನಾವು ಊರು ಬಿಟ್ಟಿದ್ದೇವೆ.

ಮೊದಲು ಬಿಟ್ಟದ್ದು ಅಡಿಲೇಡು. ಓದಲು ಬಂದಾಗ ಕರ್ನಾಟಕದ ಹುಡುಗಿಯರೇ ಸೇರಿ ಒಂದು ಮನೆ ಹಿಡಿದಿದ್ದೆವು. ಒಂದು ದಿನ ಬೆಂಗಳೂರಿನ ಹುಡುಗಿಯ ಅಮ್ಮ ವಿಡಿಯೋ ಕಾಲಿನಲ್ಲಿ ನನ್ನನ್ನೂ ಮಾತಾಡಿಸಿದರು. ಯಾವೂರಮ್ಮ, ಮನೆದೇವರು ಯಾರಮ್ಮ, ಊರಲ್ಲಿ ಯಾವ ಕಡೆ ಬರುತ್ತೆ ನಿಮ್ಮನೆ? ನಾನು ಪೆದ್ದಿ, ಕೇಳಿದ್ದಕ್ಕೆಲ್ಲ ಕೇಳಿದ ಹಾಗೇ ಉತ್ತರ ಕೊಟ್ಟೆ. ಅದೇ ವಾರ ನನ್ನ ತಟ್ಟೆ, ಲೋಟ ಅಡುಗೆಮನೆಯಿಂದ ಬಟ್ಟೆ ಒಗೆಯುವ ಮೂಲೆಗೆ, ಸೋಪಿನ ಪುಡಿಯ ಪಕ್ಕಕ್ಕೆ ಹೋದವು. ನಿಂಗೆ ಈಸಿ ಆಗ್ಲಿ ಅಂತ ಕಣೇ ಅಂದಳು ಆ ಬೆಂಗಳೂರಿನ ಹುಡುಗಿ. ಕಲಬುರಗಿಯ ಮುಸ್ಲಿಂ ಹುಡುಗಿ ಒಬ್ಬಳು ತನ್ನ ತಟ್ಟೆಯನ್ನೂ ತಂದು ನನ್ನದರ ಪಕ್ಕ ಇಟ್ಟಳು. ಆದರೂ ನನಗೆ ಅಲ್ಲಿ ಅನ್ನ ಇಳಿಯಲಿಲ್ಲ, ಮನೆ ಬದಲಾಯಿಸಿದೆ, ಓದು ಮುಗಿದದ್ದೇ ಊರನ್ನೂ ಬಿಟ್ಟೆ.

ಆಮೇಲೆ ಪರ್ತ್. ಮದುವೆಯಾಗಿ, ಗಂಡನ ಕೆಲಸದ ಹಿಂದೆ ಹೋದದ್ದು. ಮಗಳು ಹುಟ್ಟಿದ್ದು, ಸ್ಕೂಲಿಗೆ ಸೇರಿದ್ದು ಅಲ್ಲೇ. ಒಂದು ಮಧ್ಯಾಹ್ನ ಅವನ ಟೀಮಿನವರ ಹಿತ್ತಲಲ್ಲಿ ಬಾರ್ಬೆಕ್ಯೂ ಊಟ ಇತ್ತು. ಟೀಮ್ ಲೀಡರ್ ನಮ್ಮ ಬೆಂಗಳೂರಿನವನೇ, ಬಲು ಆತ್ಮೀಯ. ಬಂದು ನನ್ನ ಗಂಡನ ಬೆನ್ನು ತಟ್ಟಿದ. ತಟ್ಟಿದ ಕೈ ಅಲ್ಲೇ ನಿಂತು, ಎಡಹೆಗಲಿನಿಂದ ಕೆಳಕ್ಕೆ ಓರೆಯಾಗಿ ಮೆಲ್ಲಗೆ ಜಾರಿತು. ಜನಿವಾರ ಹುಡುಕುವ ಕೈ ಅದು. ಬೆನ್ನು ತಟ್ಟಿಸಿಕೊಂಡ ನಮ್ಮವರಿಗೆಲ್ಲ ಅದರ ಪರಿಚಯವಿದೆ. ದಾರ ಸಿಗದಿದ್ದರೆ ಮುಂದಿನ ಪ್ರಶ್ನೆ ಬರುತ್ತದೆ, ಬಂತು. ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳುವ ಧೈರ್ಯವೂ ಇಲ್ಲ, ಆ ಎರಡರ ನಡುವೆ ಅವನು ತೊದಲಿದ್ದೇ ಉತ್ತರವಾಯಿತು. ಅಲ್ಲಿಂದ ಮುಂದೆ ಟೀಮಿನ ಊಟಗಳು ಅವನಿಗೆ ತಿಳಿಯದೆಯೇ ನಡೆದವು, ಮಗಳಿಗೆ ಹುಟ್ಟುಹಬ್ಬದ ಕರೆ ನಿಂತಿತು. ಸಮುದ್ರ ದಾಟಿ ಬಂದರೂ ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂತು ಅದು.

ಹಾಗಾಗಿ ಬ್ರಿಸ್ಬೇನು. ಇಲ್ಲಿನ ಸ್ಕೂಲಿನ ಗೇಟಿನಲ್ಲಿ ನನ್ನ ಮಗಳು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದಳು. ಇನ್ನೊಮ್ಮೆ ಸ್ಕೂಲು ಬದಲಾಯಿಸುವುದಾದರೆ ನಾನು ಬರುವುದಿಲ್ಲ, ನೀವಿಬ್ಬರೇ ಹೋಗಿ. ನಮಗೆ ನಗು ಬಂತು, ಅವಳು ನಗಲಿಲ್ಲ. ಪರ್ತಿನಲ್ಲಿ ತನ್ನನ್ನು ಯಾಕೆ ಕರೆಯುತ್ತಿಲ್ಲ ಅಂತ ಅವಳು ಕೇಳಿದಾಗ ನಾನು ಉತ್ತರ ಕೊಟ್ಟಿರಲಿಲ್ಲ. ತನ್ನದೇ ಏನೋ ತಪ್ಪು ಅಂದುಕೊಂಡಿತ್ತು ಮಗು. ಇದೇ ಕಡೆಯ ಊರು ಅಂತ ಅವಳ ತಲೆ ಮುಟ್ಟಿ ಮಾತು ಕೊಟ್ಟೆ.

ಮಾತು ಉಳಿಯಬೇಕಾದರೆ ವಿಷಯ ಹೊರಬೀಳಬಾರದು. ಮನೆದೇವರು ಯಾರು ಅಂದರೆ ತಿರುಪತಿ ತಿಮ್ಮಪ್ಪ ಅನ್ನುತ್ತಿದ್ದೆ, ಅವನು ಯಾರಿಗಾದರೂ ಆಗುತ್ತಾನೆ. ಊರು ಅಂದರೆ ಮಂಡ್ಯ ಟೌನ್. ಇದನ್ನು ಸುಳ್ಳು ಅನ್ನುವವರು ಅನ್ನಲಿ, ನನ್ನ ಮಟ್ಟಿಗೆ ಅದು ಬಾಗಿಲಿನ ಚಿಲಕ. ಚಿಲಕ ಹಾಕಿದವಳನ್ನು ಬೈಯುವ ಮುಂಚೆ ಹೊರಗೆ ಯಾರು ನಿಂತಿದ್ದಾರೆ ನೋಡಬೇಕು.

ಗೆಳತಿ ಕೆಟ್ಟವಳಲ್ಲ. ಅದೇ ನನ್ನ ಕಷ್ಟ. ನನಗೆ ಜ್ವರ ಬಂದಾಗ ಮೆಣಸಿನ ಸಾರು ತಂದವಳು ಅವಳು, ಇಪ್ಸ್‌ವಿಚ್ಚಿನ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ ತಡವಾದರೆ ನನ್ನ ಮಗಳನ್ನು ಸ್ಕೂಲಿಂದ ಕರೆತಂದು ಉಣ್ಣಿಸುವವಳೂ ಅವಳೇ. ನಮ್ಮಿಬ್ಬರ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡಿಕೊಂಡಿತ್ತು. ನಾನು ಮಂಡ್ಯದಿಂದ ತಂದದ್ದು, ಮುಚ್ಚಳ ಸ್ವಲ್ಪ ನೆಗ್ಗಿದೆ. ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಅನ್ನುವುದು ನಮ್ಮ ಕಡೆ ಎಲ್ಲ ಜಾತಿಗೂ ಒಂದೇ ಶಾಸ್ತ್ರ. ಏನೂ ಇಲ್ಲದಿದ್ದರೆ ಹಿಡಿ ಸಕ್ಕರೆಯಾದರೂ ಹಾಕು ಅನ್ನುತ್ತಾರೆ. ನನ್ನ ಚಿತ್ರಾನ್ನ ಹೋದರೆ ಅವಳ ಬಿಸಿಬೇಳೆಬಾತು ಬರುತ್ತಿತ್ತು, ನನ್ನ ಚಕ್ಕುಲಿಗೆ ಅವಳ ಕೊಬ್ಬರಿ ಮಿಠಾಯಿ. ಡಬ್ಬಿ ಯಾರದು ಅನ್ನುವುದೇ ಮರೆತುಹೋಗಿತ್ತು.

ಆದರೆ ಒಂದು ಸಂಜೆ ಕೆರೆ ಸುತ್ತುವಾಗ ಯಾವುದೋ ಮಾತಿಗೆ ಅವಳೇ ಅಂದಿದ್ದಳು.

"ಈಗೆಲ್ಲಿ ಜಾತಿ ರೀ? ನಾವಂತೂ ಯಾರನ್ನೂ ಕೇಳೋದೇ ಇಲ್ಲ. ಗೊತ್ತಾಗಿಬಿಡುತ್ತೆ, ಅಷ್ಟೇ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನದು ಗೊತ್ತಾಗಿದೆಯೋ ಇಲ್ಲವೋ ಅಂತ ಅವಳ ಒಂದೊಂದು ನಗುವನ್ನೂ ನೆನಪು ಮಾಡಿಕೊಂಡು ಜಾಲಾಡಿದೆ.

ಹೀಗಿರುವಾಗ ಆ ಫೋನು ಬಂತು. ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ನಾಗಪುರದ ಹುಡುಗಿಯದು. ಬ್ರಿಸ್ಬೇನಿನಲ್ಲಿರುವ ನಮ್ಮಂಥವರು ಬೆರಳೆಣಿಕೆಯಷ್ಟು ಜನ, ಮರಾಠಿ, ತೆಲುಗು, ತಮಿಳು, ಪಂಜಾಬಿ ಎಲ್ಲ ಇದ್ದೇವೆ. ವರ್ಷಕ್ಕೊಮ್ಮೆ ಅವರ ಕ್ಯಾಂಪಸ್ಸಿನ ಒಂದು ಕೋಣೆಯಲ್ಲಿ ಸೇರಿ, ಸಂವಿಧಾನ ಬರೆದ ನೀಲಿ ಕೋಟಿನವರ ಚಿತ್ರವಿಟ್ಟು, ಅವರು ನಡೆಸಿದ ಕೆರೆಯ ಸತ್ಯಾಗ್ರಹವನ್ನು ನೆನೆಯುತ್ತೇವೆ. ಕೋಣೆಯ ಬಾಗಿಲು ಮುಚ್ಚಿರುತ್ತದೆ, ನನಗೆ ಅದೇ ಹಿಡಿಸಿದ್ದು.

ಆ ಕತೆ ನನಗೆ ಅಪ್ಪ ಉಣ್ಣುವಾಗ ಹೇಳುತ್ತಿದ್ದದ್ದು. ಮಹಾರಾಷ್ಟ್ರದ ಒಂದು ಊರಿನ ಕೆರೆ. ಅದರಲ್ಲಿ ದನ ಕುಡಿಯಬಹುದು, ನಾಯಿ ಕುಡಿಯಬಹುದು, ನಾವು ಕುಡಿಯುವಂತಿಲ್ಲ. ಆ ನೀಲಿ ಕೋಟಿನವರು ಸಾವಿರಾರು ಜನರನ್ನು ಸೇರಿಸಿ, ಇದು ಬರೀ ನೀರಿನ ಮಾತಲ್ಲ, ಮನುಷ್ಯರಾಗಿ ಎಣಿಸಿಕೊಳ್ಳುವ ಮಾತು ಅನ್ನುವ ಅರ್ಥದಲ್ಲಿ ಭಾಷಣ ಮಾಡಿ, ಸಾಲಾಗಿ ಕರೆದುಕೊಂಡು ಹೋಗಿ, ಮೊದಲು ತಾವೇ ಬೊಗಸೆ ತುಂಬ ಕುಡಿದರು. ಅಪ್ಪ ಕತೆಯನ್ನು ಅಲ್ಲಿಗೆ ನಿಲ್ಲಿಸಿ ನೀರು ಕುಡಿಯುತ್ತಿದ್ದರು. ನಾನು ಮಾತ್ರ, ಆಮೇಲೆ ಅಂತ ಕೇಳುತ್ತಿದ್ದೆ. ಆಮೇಲೆ ಊಟಕ್ಕೆ ಕೂತಿದ್ದ ಜನಕ್ಕೆ, ಊರಿಗೆ ವಾಪಸಾಗುತ್ತಿದ್ದ ಜನಕ್ಕೆ ದೊಣ್ಣೆ ಏಟು ಬಿತ್ತು. ಕೊಡಗಟ್ಟಲೆ ಸಗಣಿ, ಗಂಜಲ ಸುರಿದು ಕೆರೆಯನ್ನು ಶುದ್ಧ ಮಾಡಿದರು. ನನಗೆ ಮರೆಯದೆ ಉಳಿದದ್ದು ಆ ಆಮೇಲಿನದೇ.

ನಾಗಪುರದ ಹುಡುಗಿ ಹೇಳಿದ್ದು ಇಷ್ಟು: ಕೆರೆಯ ಸತ್ಯಾಗ್ರಹವನ್ನು ಕೋಣೆಯೊಳಗೆ ಎಷ್ಟು ವರ್ಷ ನೆನೆಯುವುದು? ಈ ಸಲ ನಿಜವಾದ ನೀರಿನ ಪಕ್ಕ ಸೇರೋಣ. ಫಾರೆಸ್ಟ್ ಲೇಕಿನಲ್ಲಿ ಕೌನ್ಸಿಲ್ ಅನುಮತಿ ಸಿಕ್ಕಿದೆ. ಅಲ್ಲಿ ಭಾರತೀಯರು ಬೇಕಾದಷ್ಟು ಇದ್ದಾರಂತೆ, ಅವರೂ ಕೇಳಲಿ. ನೀವು ಕನ್ನಡದವರು, ನೀವೇ ಮಾತಾಡಿ. ನಾನು ಅಲ್ಲೇ ವಾಸ ಇರುವುದು ಅವಳಿಗೆ ಗೊತ್ತಿರಲಿಲ್ಲ. ನಾನು ಯಾರಿಗೂ ವಿಳಾಸ ಕೊಡುವವಳಲ್ಲ.

ಆಗುವುದಿಲ್ಲ ಅಂದೆ. ಬೇರೆ ಕೆರೆ ನೋಡು, ಇಡೀ ಬ್ರಿಸ್ಬೇನಿನಲ್ಲಿ ಇದೊಂದೇ ನೀರಾ ಅಂತ ರೇಗಿದೆ. ಪಾಪ, ಅವಳಿಗೆ ನನ್ನ ಸಿಟ್ಟಿನ ಬುಡ ಅರ್ಥವಾಗಲಿಲ್ಲ. ಗಂಡನಿಗೆ ಹೇಳಿದರೆ ಅವನು ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ, ನೀನು ಹೇಗೆ ಹೇಳಿದರೆ ಹಾಗೆ ಅಂದ. ಈ ಮನುಷ್ಯನ ಬಾಯಿಂದ ಒಂದು ಅಭಿಪ್ರಾಯ ತೆಗೆಯುವುದಕ್ಕಿಂತ ಕಲ್ಲಿನಿಂದ ನಾರು ತೆಗೆಯುವುದು ಸುಲಭ. ಕೊನೆಗೆ ಅವನೇ ಕೈ ಒರೆಸಿಕೊಳ್ಳುತ್ತ, ಟೂವುಂಬಾದಲ್ಲೂ ನಮ್ಮ ಕಂಪನಿಯ ಆಫೀಸು ಇದೆ ಅಂದ. ಅಂದರೆ ಇನ್ನೊಂದು ಊರು. ಅವನ ಹೆದರಿಕೆ ಆಗಲೇ ಗಂಟುಮೂಟೆ ಕಟ್ಟಿತ್ತು.

ಸೋಫಾದ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ನೀನು ಮಾತಾಡು, ಬುಡು, ಆದರೆ ನಾನಂತೂ ಹೋಗುತ್ತೇನೆ ಅಂದಳು. ನಿಮ್ಮಪ್ಪ ಬದುಕಿದ್ದರೆ ಅಲ್ಲಿ ಮೊದಲ ಕುರ್ಚಿಯಲ್ಲಿ ಕೂತಿರುತ್ತಿದ್ದ. ಅವ್ವ ಸೀರೆಯುಟ್ಟು, ಆ ಚಿತ್ರದ ಮುಂದೆ, ನಮ್ಮ ಕೆರೆಯ ದಂಡೆಯಲ್ಲಿ ಕೂತಮೇಲೆ ನಾನು ಮಾತಾಡಿದರೇನು, ಬಿಟ್ಟರೇನು? ಇಡೀ ಬಡಾವಣೆಗೆ ಅವಳು ನನ್ನ ಅಮ್ಮ ಅಂತ ಗೊತ್ತು. ಅಮ್ಮನಿಗೆ ಹುಷಾರಿಲ್ಲ ಅಂತ ಬಾಗಿಲು ಹಾಕಿಕೊಳ್ಳುವ ಯೋಚನೆಯೂ ಬಂತು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳು ಅವರೆಕಾಯಿ ಸುಲಿಯುತ್ತಲೇ ಇದ್ದಳು. ಮೂರನೆಯ ದಿನ ನಾಗಪುರದ ಹುಡುಗಿಗೆ ನಾನೇ ಫೋನು ಮಾಡಿದೆ.

ಯುಗಾದಿಗೆ ಮುಂಚಿನ ಭಾನುವಾರ. ಮಳೆ ಬರಲಿ ಅಂತ ಬೇಡಿಕೊಂಡೆ, ಬರಲಿಲ್ಲ. ದಂಡೆಯ ಹುಲ್ಲಿನ ಮೇಲೆ ನೀಲಿ ಬಟ್ಟೆ ಹಾಸಿದ ಮೇಜು, ಚಿತ್ರ, ಮೈಕು, ಹತ್ತಿಪ್ಪತ್ತು ಕುರ್ಚಿ. ಲೇಕಿನ ನೀರು ಕುಡಿಯುವ ಹಾಗಿಲ್ಲವಲ್ಲ, ಅದಕ್ಕೆ ಮನೆಯ ನಲ್ಲಿಯ ನೀರನ್ನೇ ಹಿತ್ತಾಳೆ ಬಿಂದಿಗೆಯಲ್ಲಿ ತಂದಿದ್ದರು. ಈ ನೆಲದ ಮೂಲನಿವಾಸಿಗಳ ಪೈಕಿ ಒಬ್ಬ ಹಿರಿಯ ಹೆಂಗಸು ಸ್ವಾಗತ ಹೇಳಲು ಬಂದಿದ್ದರು. ಅವ್ವನನ್ನು ಅವರ ಪಕ್ಕದಲ್ಲೇ ಕೂರಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲ, ಆದರೂ ಏನೋ ತೋರಿಸಿಕೊಂಡು ತಲೆ ಆಡಿಸುತ್ತಿದ್ದರು.

ನಾನು ಮೈಕಿನ ಮುಂದೆ ನಿಲ್ಲುವ ಹೊತ್ತಿಗೆ ವಾಕಿಂಗಿನವರು ಶುರುವಾಗಿದ್ದರು. ಕೆಲವರು ನಿಧಾನ ಮಾಡಿದರು, ಚಿತ್ರ ಕಂಡು ಹೆಜ್ಜೆ ಚುರುಕು ಮಾಡಿದರು. ನಾನು ರಕ್ತದ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಎಲ್ಲರ ರಕ್ತವೂ ಒಂದೇ ಅಂತ ಭಾಷಣ ಬಿಗಿಯಲು ನನಗಿಂತ ಅರ್ಹರು ಬೇಕೆ? ಹಾಗೇ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಎರಡು ವಾಕ್ಯ ಆಗಿತ್ತು. ಕಾಲುದಾರಿಯ ತಿರುವಿನಲ್ಲಿ ಗೆಳತಿ ಕಾಣಿಸಿದಳು, ಜೊತೆಗೆ ಅವಳ ಮಗಳು. ನನ್ನನ್ನು ನೋಡಿ ಕೈ ಬೀಸಿದಳು. ಆಮೇಲೆ ಮೇಜನ್ನು ನೋಡಿದಳು. ಬೀಸುತ್ತಿದ್ದ ಕೈ ಅರ್ಧಕ್ಕೆ ನಿಂತಿತು.

ಮೈಕಿನಲ್ಲಿ ನನ್ನ ಉಸಿರಿನ ಸದ್ದೇ ನನಗೆ ಕೇಳಿಸುತ್ತಿತ್ತು. ಓಡಿಬಿಡಬೇಕು ಅನ್ನಿಸಿತು, ಸುಳ್ಳಲ್ಲ. ಮಗಳು ಮುಂದಿನ ಸಾಲಿನಲ್ಲಿ ಕೂತು ನನ್ನನ್ನೂ ತನ್ನ ಗೆಳತಿಯನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ಆಗ ಅವ್ವ ಕುರ್ಚಿಯಿಂದಲೇ, ಹೇಳ್ ಮಗ ಅಂದಳು, ಮೆಲ್ಲಗೆ.

"ಇವರು ನಮ್ಮವ್ವ" ಅಂದೆ. ಕನ್ನಡದಲ್ಲಿ, ಕೆರೆಯ ದಂಡೆಯಲ್ಲಿ, ಮೊದಲ ಸಲ. ಆಮೇಲೆ ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಆ ಬೋರ್ಡಿನ ಕತೆ ಹೇಳಿದೆ. ಅದು ಅಲ್ಲೇ ನಾಲ್ಕು ಮಾರು ದೂರದಲ್ಲಿತ್ತು, ಕೈ ಮಾಡಿ ತೋರಿಸಿದೆ. ಇದು ಎಲ್ಲರಿಗೂನಾ, ನಮಗೆ ಮಾತ್ರಾನಾ ಅಂತ ನಮ್ಮವ್ವ ಕೇಳಿದರು, ನಾನು ಹೆದರಿಕೊಂಡು ಬಿಸಿಲಿನ ಮಾತಾಡಿದೆ ಅಂದೆ. ಮೊದಲು ನಕ್ಕವರು ಆ ಮೂಲನಿವಾಸಿ ಹಿರಿಯರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, ತಾನು ಚಿಕ್ಕವಳಿದ್ದಾಗ ತನ್ನ ಊರಿನ ಈಜುಕೊಳಕ್ಕೂ ಇಳಿಯಬೇಡಿ ಅಂತ ಬೋರ್ಡು ಇತ್ತು, ಅದು ಮೂಲನಿವಾಸಿಗಳಾದ ನಮಗೆ ಮಾತ್ರವೇ ಇತ್ತು ಅಂದರು. ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಅವರ ಕೈ ಹಿಡಿದುಕೊಂಡಳು.

ಕೊನೆಯ ಮಾತನ್ನು ಕನ್ನಡದಲ್ಲಿ ಮಾತ್ರ ಹೇಳಿದೆ. ಯಾರಿಗೆ ಹೇಳಬೇಕಿತ್ತೋ ಅವರಿಗೆ ಅದೇ ಸಾಕು.

"ನಾವು ದಲಿತರು. ಇದೇ ಬಡಾವಣೆಯಲ್ಲಿದ್ದೀವಿ. ನಿಮ್ಮ ಜೊತೆಗೇ ಈ ಕೆರೆ ಸುತ್ತಿದ್ದೀವಿ."

ಭಾಷಣ ಅಂದರೆ ಅಷ್ಟೇ. ಚಪ್ಪಾಳೆ ಬಿತ್ತು, ಕೇಳಿಸಿದ್ದು ಅರ್ಧ. ಆಮೇಲೆ ನೀರು. ಹುಡುಗರು ಬಿಂದಿಗೆ ಎತ್ತಿ ಹುಯ್ಯುವುದು, ಒಬ್ಬೊಬ್ಬರೇ ಬೊಗಸೆಯೊಡ್ಡಿ ಕುಡಿಯುವುದು ಅಂತ ಗೊತ್ತುಮಾಡಿದ್ದರು, ಮಹಾರಾಷ್ಟ್ರದ ಆ ಕೆರೆಯಲ್ಲಿ ಅವರು ಕುಡಿದ ಹಾಗೆ. ಹಿರಿಯಳು ಅಂತ ಮೊದಲು ಅವ್ವನನ್ನು ಕರೆದರು. ನಾಗಪುರದ ಹುಡುಗಿ ಬಿಂದಿಗೆ ಬಗ್ಗಿಸಿದಳು. ಅವ್ವ ಕೈ ಒಡ್ಡಲಿಲ್ಲ.

"ಬೊಗ್ಸೇಲಿ ಕುಡ್ದು ಕುಡ್ದು ಸಾಕಾಗೋಯ್ತು ಕಣವ್ವ. ನಂಗೊಂದ್ ಲೋಟ ಕೊಡಿ."

ನಾಗಪುರದ ಹುಡುಗಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಅವ್ವನ ಹಳ್ಳಿಯಲ್ಲಿ ಬಾಯಾರಿದರೆ ಮೇಲುಕೇರಿಯ ಜಗಲಿಯ ಕೆಳಗೆ ನಿಂತು ಬೊಗಸೆ ಒಡ್ಡಬೇಕಿತ್ತು. ಅವರು ಮೇಲಿನಿಂದ, ಮುಟ್ಟದಂತೆ ಹುಯ್ಯುತ್ತಿದ್ದರು, ಅರ್ಧ ನೀರು ಮೊಣಕೈಗೆ ಇಳಿದು ಹೋಗುತ್ತಿತ್ತು. ನಾವು ಓದಿದವರೆಲ್ಲ ಸೇರಿ ಎಷ್ಟೊಂದು ಯೋಚಿಸಿ ಮಾಡಿದ ಏರ್ಪಾಟು ಅವಳಿಗೆ ಅದೇ ಜಗಲಿಯನ್ನು ತಂದು ಮುಂದಿಟ್ಟಿತ್ತು. ಯಾರ ಹತ್ತಿರವೂ ಲೋಟ ಇರಲಿಲ್ಲ. ಆ ಮೂಲನಿವಾಸಿ ಹಿರಿಯರು ತಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದು, ಅದರಲ್ಲಿದ್ದ ಟೀ ಹುಲ್ಲಿಗೆ ಚೆಲ್ಲಿ, ಮುಂದೆ ಹಿಡಿದರು. ಅವ್ವ ಅದರಲ್ಲಿ ನೀರು ತುಂಬಿಸಿಕೊಂಡು, ಎತ್ತಿ ಸುರಿದುಕೊಳ್ಳದೆ, ತುಟಿಗಿಟ್ಟು ಕಚ್ಚಿ ಕುಡಿದಳು. ಕುಡಿದು ಅದನ್ನು ಅವರಿಗೇ ಕೊಟ್ಟಳು. ಅವರೂ ಅದರಲ್ಲೇ ಕುಡಿದರು.

ನಾನು ತಿರುವಿನ ಕಡೆ ನೋಡಿದೆ. ಗೆಳತಿ ಅಷ್ಟು ಹೊತ್ತೂ ನಿಂತಿದ್ದಳು. ನನ್ನ ಕಣ್ಣು ಸಿಕ್ಕಿದ ಕೂಡಲೇ ಮಗಳ ಭುಜ ಹಿಡಿದು ತಿರುಗಿಸಿಕೊಂಡು ಹೊರಟುಹೋದಳು. ಅವಳ ಮುಖದಲ್ಲಿ ಇದ್ದದ್ದು ಅಸಹ್ಯವೋ, ನಾಚಿಕೆಯೋ, ಬರೀ ಗಾಬರಿಯೋ, ಇವತ್ತಿಗೂ ನನಗೆ ತಿಳಿದಿಲ್ಲ.

ಸೋಮವಾರ ಅವಳ ಮೆಸೇಜು ಇಲ್ಲ. ಮಂಗಳವಾರ ನಾನು ಕೆರೆಗೆ ಹೋಗಲಿಲ್ಲ. ಸ್ಕೂಲಿನ ಗೇಟಿನಲ್ಲಿ ಅವಳು ಕಾರಿನಿಂದ ಇಳಿಯದೆ ಮಗಳನ್ನು ಕರೆದುಕೊಂಡು ಹೋದಳು. ನನಗೆ ದೊಣ್ಣೆಯ ಭಯವೇನೂ ಇರಲಿಲ್ಲ. ಈ ದೇಶದಲ್ಲಿ ದೊಣ್ಣೆ ಎತ್ತುವುದಿಲ್ಲ, ಬರೀ ಬ್ಯುಸಿ ಆಗುತ್ತಾರೆ. ಅದರ ಹೆದರಿಕೆಯೇ ಬೇರೆ, ಯಾರಿಗೂ ತೋರಿಸಲಾಗದ ಏಟು ಅದು. ಮಗಳು ಮನೆಗೆ ಬಂದು ಏನಾದರೂ ಹೇಳುತ್ತಾಳೇನೋ ಅಂತ ಅವಳ ಊಟದ ಡಬ್ಬಿ ತೊಳೆಯುವ ನೆವದಲ್ಲಿ ಹಿಂದೆ ಮುಂದೆ ಸುತ್ತಿದೆ. ಅವಳು ಹೋಂವರ್ಕ್ ತೆಗೆದು ಕೂತಳು.

ಗುರುವಾರ ಕೆಲಸದಿಂದ ಬಂದಾಗ ಬಾಗಿಲ ಮೆಟ್ಟಿಲ ಮೇಲೆ ಡಬ್ಬಿ ಇತ್ತು. ಅದೇ ಸ್ಟೀಲಿನದು, ನೆಗ್ಗಿದ ಮುಚ್ಚಳದ್ದು. ಮನೆಯಲ್ಲೇ ಇದ್ದ ಅವ್ವ, ಬೆಲ್ ಸದ್ದೇ ಕೇಳಿಸಲಿಲ್ಲ ಅಂದಳು. ಕೈಗೆತ್ತಿಕೊಂಡ ಕೂಡಲೇ ತೂಕದಲ್ಲೇ ತಿಳಿಯಿತು. ಆದರೂ ಮುಚ್ಚಳ ತೆಗೆದೆ. ಚೆನ್ನಾಗಿ ಉಜ್ಜಿ, ತೊಳೆದು, ಒರೆಸಿತ್ತು. ಒಂದು ಹರಳು ಸಕ್ಕರೆ ಕೂಡ ಇರಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅವಳು ಬಂದು ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಒಳಗೆ ಬಂದವಳು ಫೋನಿನಲ್ಲಿ ಟೂವುಂಬಾದ ಬಾಡಿಗೆ ಮನೆಗಳನ್ನು ಹುಡುಕಲು ಶುರು ಮಾಡಿದೆ. ಗಂಡ ಬಂದು ಪಕ್ಕದಲ್ಲಿ ಕೂತು, ಹಿತ್ತಲು ಇರುವುದನ್ನೇ ನೋಡು ಅಂದ. ಅಷ್ಟರಲ್ಲಿ ಮಗಳು ನಮ್ಮ ಬೆನ್ನ ಹಿಂದೆ ನಿಂತಿದ್ದಾಳೆ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅಂದು ಕನ್ನಡದಲ್ಲಿ ಕೇಳಿದಳು.

"ಅಮ್ಮ, ಮತ್ತೆ ಹೋಗ್ಬೇಕಾ?"

ಗಂಡ ನೆಲ ನೋಡಿದ. ಅವ್ವ ಮೇಜಿನ ಮೇಲಿದ್ದ ಖಾಲಿ ಡಬ್ಬಿಯನ್ನೂ ನಮ್ಮಿಬ್ಬರನ್ನೂ ನೋಡಿದಳು. ಎದ್ದು ಹೋಗಿ ಕಡಲೆಬೇಳೆ ಬೇಯಲು ಇಟ್ಟಳು.

ಮಾರನೆಯ ದಿನ ಯುಗಾದಿ. ಅವ್ವ ಬೆಳಿಗ್ಗೆ ಎದ್ದು ಒಬ್ಬಟ್ಟು ತಟ್ಟಿದಳು. ಬಿಸಿ ಆರುವ ಮುಂಚೆಯೇ ಡಬ್ಬಿಗೆ ತುಂಬಿ, ಮೇಲೆ ತುಪ್ಪ ಸವರಿ, ಹೊಸ ಸೀರೆ ಉಟ್ಟು, ನಡಿ ಅಂದಳು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಬೇಡ ಕಣವ್ವ, ಬಾಗಿಲು ತೆಗೆಯದಿದ್ದರೆ ಏನು ಮಾಡುತ್ತೀಯ ಅಂದೆ. ತೆಗೆಯದಿದ್ದರೆ ನಾವೇ ತಿನ್ನೋಣ, ಒಬ್ಬಟ್ಟೇನು ಕೆಟ್ಟುಹೋಗುತ್ತದಾ ಅಂದಳು. ಖಾಲಿ ಡಬ್ಬಿ ಕೊಟ್ಟವರು ಅವರು, ನಾವಲ್ಲ.

ಎರಡು ಬೀದಿ ನಡೆಯುವಷ್ಟರಲ್ಲಿ ನನ್ನ ಬೆನ್ನು ಬೆವತು ಒದ್ದೆಯಾಗಿತ್ತು. ಅವ್ವ ಯಾವಾಗಲೂ ಬೇರೆಯವರ ಮನೆಯ ಮೆಟ್ಟಿಲ ಕೆಳಗೇ ನಿಲ್ಲುವವಳು, ಎಷ್ಟು ಹೇಳಿದರೂ ಬಿಡದ ಅಭ್ಯಾಸ. ಅಂದು ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ, ಅವ್ವ ಹತ್ತಿ ಹೋಗಿ ಬೆಲ್ ಒತ್ತಿದಳು. ಮಾವಿನೆಲೆ ಹುಡುಕಲು ಯಾರಿಗೆ ಪುರುಸೊತ್ತು, ಗೆಳತಿಯ ಬಾಗಿಲಿಗೆ ಪ್ಲಾಸ್ಟಿಕ್ಕಿನ ತೋರಣ ಕಟ್ಟಿತ್ತು. ಒಳಗೆ ಹೆಜ್ಜೆ ಸದ್ದು ಬಂತು, ಬಾಗಿಲ ಹಿಂದೆ ನಿಂತಿತು, ತುಂಬ ಹೊತ್ತು ಅಲ್ಲೇ ಇತ್ತು.

ಬಾಗಿಲು ತೆರೆಯಿತು. ಗೆಳತಿಯ ಹಿಂದೆ ಅವಳ ಮಗಳು ಇಣುಕಿ, ನನ್ನ ಮಗಳು ಬಂದಿಲ್ಲವಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಗೆಳತಿ ಅವ್ವನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಅಯ್ಯೋ, ಯಾಕೆ ತೊಂದರೆ ತಗೊಂಡ್ರಿ ಆಂಟಿ ಅಂದಳು. ಒಳಗೆ ಬನ್ನಿ ಅನ್ನಲಿಲ್ಲ. ಅವಳ ಕೈ ಸ್ವಲ್ಪ ಮುಂದೆ ಬಂದು ನಿಂತಿತು. ಅವ್ವ ಆ ಕೈಯನ್ನು ಹಿಡಿದು, ಡಬ್ಬಿಯನ್ನು ಅದರ ಮೇಲಿಟ್ಟು, ಅವಳ ಬೆರಳುಗಳನ್ನು ತಾನೇ ಮುಚ್ಚಿದಳು.

"ಡಬ್ಬಿ ನಿಧಾನ್‌ಕೆ ಕೊಡು ಕಣವ್ವ. ನಾವೇನ್ ಊರ್ ಬುಟ್ ಹೋಗಕಿಲ್ಲ."